ಸುಣ್ಣ ಬಳಿಯುವ ಮುನ್ನ

ಗವಿಪುರದ ಗಂಗಾಧರೇಶ್ವರನಿಗೆ ಅಡಿಪಾಯದ ಚಿಂತೆಯಿಲ್ಲ. ಅವನ ಗುಡಿಯನ್ನು ಬಂಡೆಯಲ್ಲಿಯೇ ಕೊರೆದಿದ್ದಾರೆ. ಬಂಡೆಯೇ ಗೋಡೆ, ಬಂಡೆಯೇ ಸೂರು, ಬಂಡೆಯೇ ನೆಲೆ. ಆದರೆ ದರ್ಶನ ಮುಗಿಸಿ ಕೆಂಪಾಂಬುಧಿ ಕೆರೆಯ ಕಡೆಗೆ ಇಳಿಯುವ ಗೃಹಸ್ಥನ ಮನೆಗೆ ಮಣ್ಣೇ ಆಧಾರ. ಭೂಮಿ ನಡುಗಿದಾಗ ಬಂಡೆ ಒಂದು ಬಗೆಯಾಗಿ ಅಲುಗಿದರೆ, ಸಡಿಲವಾದ ಮಣ್ಣು, ಅದರಲ್ಲಿಯೂ ತುಂಬಿದ ಕೆರೆಯಂಗಳದ ಮಣ್ಣು, ಅದಕ್ಕಿಂತ ಹೆಚ್ಚಾಗಿ ಅಲುಗುತ್ತದೆ.

ಬೆಂಗಳೂರಿಗೆ ಭೂಕಂಪದ ಭಯವಿಲ್ಲವೆಂಬುದು ಊರಿನ ಹಳೆಯ ನಂಬಿಕೆ. ಅದು ಬಹುಮಟ್ಟಿಗೆ ನಿಜ, ಪೂರ್ತಿ ನಿಜವಲ್ಲ. 1900ರ ಫೆಬ್ರವರಿ 8ರಂದು ಕೊಯಮತ್ತೂರಿನ ಕಡೆ ಹುಟ್ಟಿದ ಕಂಪನ ದಕ್ಷಿಣ ಭಾರತದ ಬಹುಭಾಗವನ್ನು ಅಲುಗಿಸಿತು. 2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರಾಂತ ತತ್ತರಿಸಿದ ಸುದ್ದಿ ಇನ್ನೂ ಹಸಿಯಾಗಿದ್ದಾಗ, 29ರ ಬೆಳಗ್ಗೆ ಮಂಡ್ಯ ಸೀಮೆಯ ಕಡೆಯಿಂದ ಬಂದ ಸಣ್ಣ ಕಂಪನ ಬೆಂಗಳೂರಿನ ಮನೆಗಳಲ್ಲಿಯೂ ಅನುಭವಕ್ಕೆ ಬಂದಿತು. 2002ರಲ್ಲಿ ಹೊರಬಂದ ಭೂಕಂಪ ನಕ್ಷೆ ಈ ನಗರವನ್ನು ಎರಡನೆಯ ವಲಯದಲ್ಲಿರಿಸಿತು. ಅದು ಆ ನಕ್ಷೆಯ ಅತ್ಯಂತ ಕಡಿಮೆ ಅಪಾಯದ ವಲಯವೇ ಸರಿ. ಆದರೆ ಕಡಿಮೆಯೆಂದರೆ ಇಲ್ಲವೆಂದಲ್ಲ.

ಇಂಥ ಸಣ್ಣ ಕಂಪನಕ್ಕೆ ನೆಟ್ಟಗೆ ಕಟ್ಟಿದ ಮನೆ ಬೀಳುವುದಿಲ್ಲ. ಆದರೆ ಚರಂಡಿಯ ನೀರು ಇಂಗಿ ಮೆತ್ತಗಾದ, ಮರದ ಬೇರು ನುಗ್ಗಿ ಕಲ್ಲು ಸರಿದ ಹಳೆಯ ಅಡಿಪಾಯಕ್ಕೆ ಅಲ್ಪ ಪೆಟ್ಟೂ ಕೇಡು ಮಾಡಬಲ್ಲುದು. ಕೇಡಾಗುವುದು ನೆಲದ ಕೆಳಗೆ. ಮೇಲೆ ಕಾಣುವುದು ಕೂದಲೆಳೆಯಂಥ ಬಿರುಕು. ಅಷ್ಟರಲ್ಲಿ ಮನೆಯಲ್ಲಿ ಮಗಳ ಮದುವೆ ಗೊತ್ತಾಗುತ್ತದೆ. ಮೇಸ್ತ್ರಿ ಬಂದು ಬಿರುಕಿಗೆ ಸಿಮೆಂಟು ಮೆತ್ತಿ ಸುಣ್ಣ ಬಳಿಯುತ್ತಾನೆ. ಚಪ್ಪರ ಏಳುತ್ತದೆ, ಓಲಗ ಮೊಳಗುತ್ತದೆ. ಗೋಡೆ ಹೇಳಹೊರಟಿದ್ದ ಮಾತು ಗೋಡೆಯೊಳಗೇ ಉಳಿಯುತ್ತದೆ. ಎರಡು ವರ್ಷ ಕಳೆದ ಮೇಲೆ, ಬಾಡಿಗೆ ಬರಲೆಂದು, ಅದೇ ಅಡಿಪಾಯದ ಮೇಲೆ ಮತ್ತೊಂದು ಮಹಡಿ ಏರುತ್ತದೆ. ಅಪಾಯವಿರುವುದು ಇಲ್ಲಿಯೇ.

ನೆಲದಡಿಯ ಪೆಟ್ಟು ಎಷ್ಟು ಕಾಲ ಮರೆಯಾಗಿರಬಲ್ಲುದೆಂಬುದಕ್ಕೆ ಜಪಾನಿನ ನಿಗಾಟ ನಗರ ನಿದರ್ಶನ. 1964ರ ಜೂನ್ 16ರ ಭೂಕಂಪದಲ್ಲಿ ಅಲ್ಲಿನ ಮರಳುನೆಲ ನೀರಿನಂತಾಯಿತು. ಬಿದ್ದ ಕಟ್ಟಡಗಳನ್ನು ಎಲ್ಲರೂ ಕಂಡರು. ಬೀಳದೆ ನಿಂತ ಪ್ರಸಾರ ಸಂಸ್ಥೆಯ ಕಟ್ಟಡವೊಂದು ಮುಂದೆ ಸುಮಾರು 20 ವರ್ಷ ಬಳಕೆಯಲ್ಲಿತ್ತು. ಆಮೇಲೆ ನೆಲವನ್ನು ಅಗೆದಾಗ, ಅದನ್ನು ಹೊತ್ತಿದ್ದ ಕಾಂಕ್ರೀಟಿನ ನೆಲಗಂಬಗಳು ಮುರಿದಿರುವುದು ಬೆಳಕಿಗೆ ಬಂದಿತು. ಅಷ್ಟು ವರ್ಷ ಆ ಕಟ್ಟಡದಲ್ಲಿ ಓಡಾಡಿದವರಿಗೆ ಅದರ ಸುಳಿವೇ ಇರಲಿಲ್ಲ!

ಹಾಗಾದರೆ ಗೃಹಸ್ಥನು ಗಮನಿಸಬೇಕಾದುದೇನು? ಎಲ್ಲ ಬಿರುಕೂ ಒಂದೇ ಅಲ್ಲ. ಗಾರೆಯ ಮೇಲೆ ಜೇಡರ ಬಲೆಯಂತೆ ಹಬ್ಬಿದ ಬಿರುಕು ಸಾಮಾನ್ಯವಾಗಿ ಗಾರೆ ಒಣಗಿದ್ದರ ಗುರುತು. ಎರಡು ಕಿಟಕಿಗಳ ನಡುವೆ ಕತ್ತರಿಯಾಕಾರದಲ್ಲಿ ಹಾಯ್ದ ಬಿರುಕು ಗೋಡೆಯೇ ಭೂಕಂಪದ ಪೆಟ್ಟು ತಿಂದುದನ್ನು ಹೇಳುತ್ತದೆ. ಹೊರಗೋಡೆಯ ಬುಡದ ಕಲ್ಲನ್ನು ಸೀಳಿ, ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಓರೆಯಾಗಿ ಏರಿದ ಬಿರುಕಾದರೆ ಅಡಿಪಾಯವನ್ನೇ ಸಂದೇಹಿಸಬೇಕು. ಮನೆಯ ಮೂಲೆ ಕುಸಿದರೆ ಬಿರುಕು ಮೇಲ್ಭಾಗದಲ್ಲಿ ಅಗಲ. ನಡುಭಾಗ ಕುಸಿದರೆ ಕೆಳಭಾಗದಲ್ಲಿ ಅಗಲ. ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಂಡರೆ ಅದೂ ಒಂದು ಸಾಕ್ಷಿ. ರಾತ್ರಿ ಸಂಪಿನ ನೀರಿನ ಮಟ್ಟವನ್ನು ಗುರುತಿಟ್ಟು, ಬಳಸದೆ ಬಿಟ್ಟು, ಬೆಳಗ್ಗೆ ನೋಡಿದರೆ ಸಂಪು ಸೋರುತ್ತಿದೆಯೇ ಎಂಬುದೂ ತಿಳಿಯುತ್ತದೆ.

ಬಿರುಕು ಸತ್ತಿದೆಯೋ ಬೆಳೆಯುತ್ತಿದೆಯೋ ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ ಹಳೆಯ ಉಪಾಯವೊಂದಿದೆ. ಗಾರೆಯನ್ನು ಕೆತ್ತಿ, ತೆಳುಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿಟ್ಟು, ಎರಡು ತುದಿಗಳನ್ನೂ ಸಿಮೆಂಟಿನಿಂದ ಭದ್ರಪಡಿಸಿ ತಾರೀಖು ಬರೆಯಬೇಕು. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವ ಮಣ್ಣೂ ಇರುವುದರಿಂದ, ಒಂದು ಮಳೆಗಾಲ, ಒಂದು ಬೇಸಗೆ ಕಾದು ನೋಡುವುದು ಲೇಸು. ಆದರೆ ಬಿರುಕು 5 ಮಿಲಿಮೀಟರಿಗಿಂತ ಅಗಲವಾಗಿದ್ದರೆ, ಇಲ್ಲವೆ ತೂಗುಗುಂಡು ಬಿಟ್ಟಾಗ ಗೋಡೆ ವಾಲಿರುವುದು ಕಂಡರೆ, ಕಾಯಬಾರದು. ಅಂದೇ ಎಂಜಿನಿಯರರನ್ನು ಕರೆಸಬೇಕು.

ಎಂಜಿನಿಯರರು ಮೂಲೆಯಲ್ಲಿ ಚಿಕ್ಕ ಗುಂಡಿ ತೋಡಿಸಿ ಅಡಿಪಾಯದ ಕಲ್ಲನ್ನು ಕಣ್ಣಾರೆ ನೋಡುತ್ತಾರೆ. ಈ ಕೆಲಸಕ್ಕೆ ಮನೆಯವರು ತಾವೇ ಕೈಹಾಕಬಾರದು. ಬುಡವನ್ನು ಉದ್ದಕ್ಕೂ ಅಗೆದರೆ ನಿಂತ ಗೋಡೆಯೂ ಕುಸಿದೀತು. ಕಾಂಕ್ರೀಟಾದರೆ ಅಗೆಯದೆಯೂ ಸ್ವಲ್ಪಮಟ್ಟಿಗೆ ತಿಳಿಯಬಹುದು. ಮಡಕೆ ಕೊಳ್ಳುವ ಗೃಹಿಣಿ ಬೆರಳಿನಿಂದ ತಟ್ಟಿ ನಾದ ಕೇಳುವುದಿಲ್ಲವೆ? ಅದೇ ನ್ಯಾಯ. ಕಿವಿಗೆ ಕೇಳದ ಶಬ್ದದಲೆಯನ್ನು ಕಾಂಕ್ರೀಟಿನೊಳಗೆ ಹಾಯಿಸಿ ಅದರ ವೇಗವನ್ನು ಅಳೆಯುತ್ತಾರೆ. ಸೆಕೆಂಡಿಗೆ 4.5 ಕಿಲೋಮೀಟರಿಗೆ ಮೀರಿದರೆ ಅದು ಉತ್ತಮ ಕಾಂಕ್ರೀಟು. 3ಕ್ಕಿಂತ ಇಳಿದರೆ ಸಂದೇಹಾಸ್ಪದ. ನೆಲಗಂಬದ ತಲೆಯ ಮೇಲೆ ಸುತ್ತಿಗೆಯಿಂದ ತಟ್ಟಿದರೆ ಅಲೆ ಬುಡ ಮುಟ್ಟಿ ಮರಳುತ್ತದೆ. ನಡುವೆ ಮುರಿದಿದ್ದರೆ ಮರುದನಿ ಅವಧಿಗೆ ಮುಂಚೆಯೇ ಬರುತ್ತದೆ.

ಇಷ್ಟಕ್ಕೆಲ್ಲ ಖರ್ಚುಂಟು, ನಿಜ. ಆದರೆ ಗಾಜಿನ ಪಟ್ಟಿಗೆ ಎಷ್ಟು ಖರ್ಚು? ಸುಣ್ಣದವನನ್ನು ಕರೆಯುವ ಮುನ್ನ ಮನೆಯ ಯಜಮಾನನು ಒಂದು ಬೆಳಗ್ಗೆ ಮನೆಯ ಸುತ್ತ ಪ್ರದಕ್ಷಿಣೆ ಮಾಡಿ, ಪ್ರತಿಯೊಂದು ಬಿರುಕಿನ ಉದ್ದ, ಅಗಲ, ತಾರೀಖುಗಳನ್ನು ನೋಟುಪುಸ್ತಕದಲ್ಲಿ ಬರೆದಿಡಲಿ. ಮದುವೆಗೆ ಗೋಡೆ ಬೆಳ್ಳಗಿರಲೇಬೇಕಾದರೆ ಬೆಳ್ಳಗಾಗಲಿ. ಗಾಜಿನ ಪಟ್ಟಿಯೊಂದಕ್ಕೆ ಮಾತ್ರ ಸುಣ್ಣ ತಾಗದಿರಲಿ. ಬಂದ ಬೀಗರು ಅದೇನೆಂದು ಕೇಳಿದರೆ ಸಂಕೋಚವಿಲ್ಲದೆ ಹೇಳಬಹುದು. ಅವರ ಮನೆಯಲ್ಲಿಯೂ ಅಂಥ ಬಿರುಕೊಂದು ಇದ್ದೀತು.