ಕಲ್ಲಿನಲ್ಲಿಲ್ಲದ ಅಕ್ಷರ

ಸಂಶೋಧನೆಗೆ ಸೇರಿದ ಹೊಸದರಲ್ಲಿ ಹಿರಿಯರಿಂದ ನಮಗೆ ಸಿಗುವ ಮೊದಲ ಉಪದೇಶ ಯಾವ ಪುಸ್ತಕ ಓದಬೇಕೆಂಬುದಲ್ಲ, ಯಾವ ಲ್ಯಾಪ್‌ಟಾಪ್ ಕೊಳ್ಳಬೇಕೆಂಬುದು. "ಮ್ಯಾಕ್ ತಗೋ, ಫೋಟೋಶಾಪ್ ಹಾಕಿಸು, ಶಾಸನದ ಅಕ್ಷರ ಹೆಂಗ ಎದ್ದು ಬರ್ತಾವ ನೋಡು." ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಗುಡಿ, ವೀರಗಲ್ಲು, ಶಾಸನಗಳ ಚಿತ್ರ ತೆಗೆಯುವುದು ನನ್ನ ಪಿಎಚ್‌.ಡಿ. ಕೆಲಸದ ಒಂದು ಭಾಗ. ಆ ಅನುಭವದಿಂದ ಹೇಳುತ್ತೇನೆ: ಈ ಉಪದೇಶ ದುಬಾರಿಯಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು, ಆದರೆ ಇದು ಅಪಾಯಕಾರಿಯೂ ಹೌದು. ಹಾಗೆ ಎದ್ದು ಬಂದದ್ದು ಕಲ್ಲಿನ ಅಕ್ಷರವೋ ತಂತ್ರಾಂಶದ ಊಹೆಯೋ ಎಂದು ಯಾರೂ ಕೇಳುತ್ತಿಲ್ಲ.

ಸವದತ್ತಿ ಎಂದರೆ ರಟ್ಟರ ಸುಗಂಧವರ್ತಿ. ಅದರ ಪಕ್ಕದಲ್ಲೇ ಹೂಲಿಯ ಪಂಚಲಿಂಗೇಶ್ವರ ಗುಡಿಯಿದೆ, ರಾಮದುರ್ಗದ ಕಡೆ ಹೋದರೆ ತೊರಗಲ್ಲಿನ ಭೂತನಾಥ ಗುಡಿಯಿದೆ. ರಟ್ಟರ ಶಾಸನಗಳನ್ನು ಫ್ಲೀಟ್ 19ನೆಯ ಶತಮಾನದಲ್ಲೇ ಪ್ರಕಟಿಸಿದರು. ಹೂಲಿಯ ಶಾಸನಗಳು ಬಾರ್ನೆಟ್ ಅವರ ಸಂಪಾದನೆಯಲ್ಲಿ 'ಎಪಿಗ್ರಾಫಿಯಾ ಇಂಡಿಕಾ'ದ 18ನೆಯ ಸಂಪುಟದಲ್ಲಿ ಬಂದವು. ಆದರೆ ಅಚ್ಚಾದ ಪಾಠದ ಹಾಗೆ ಕಲ್ಲು ಬಾಳುವುದಿಲ್ಲ. ಮಳೆ, ಬಿಸಿಲು, ಎಣ್ಣೆ, ಸುಣ್ಣ, ಜಾತ್ರೆಗೆ ಮುನ್ನ ಭಕ್ತಿಯಿಂದ ಬಳಿಯುವ ಆಯಿಲ್ ಪೇಂಟ್, ಎಲ್ಲವೂ ಅದರ ಮೇಲೆ ಕೆಲಸ ಮಾಡುತ್ತವೆ. ಎಷ್ಟೋ ವೀರಗಲ್ಲುಗಳನ್ನು ಯಾರೂ ಸರಿಯಾಗಿ ಓದಿಯೇ ಇಲ್ಲ. ಇಂದು ನಾವು ತೆಗೆದ ಚಿತ್ರವೇ ನಾಳೆ ಅವುಗಳ ಕೊನೆಯ ಸಾಕ್ಷಿಯಾಗಬಹುದು. ಸಾಕ್ಷಿ ಚೆನ್ನಾಗಿ ಕಾಣಬೇಕಿಲ್ಲ, ಸುಳ್ಳು ಹೇಳದಿದ್ದರೆ ಸಾಕು.

ಕೃತಕ ಬುದ್ಧಿಮತ್ತೆಯ ಈಗಿನ ಶಾರ್ಪನಿಂಗ್ ಸಲಕರಣೆಗಳು ಮಾಡುವುದಾದರೂ ಏನು? ಲಕ್ಷಾಂತರ ಬೇರೆ ಚಿತ್ರಗಳಿಂದ ಕಲಿತದ್ದನ್ನು ನೆಚ್ಚಿಕೊಂಡು, ಮಸುಕಾದ ಜಾಗದಲ್ಲಿ ಏನಿದ್ದಿರಬಹುದು ಎಂದು ಊಹಿಸಿ ತುಂಬುತ್ತವೆ. ಮದುವೆ ಫೋಟೋದಲ್ಲಿ ಅದರಿಂದ ನಷ್ಟವಿಲ್ಲ. ಶಾಸನದಲ್ಲಿ ಒಂದು ಸಣ್ಣ ಗುಳಿ ಅನುಸ್ವಾರವೂ ಆಗಬಹುದು, ಬರೀ ಚಕ್ಕೆ ಎದ್ದ ಗುರುತೂ ಆಗಬಹುದು. ಹಳೆಯ ಲಿಪಿಯಲ್ಲಿ ಮ ಮತ್ತು ವ ಒಂದನ್ನೊಂದು ಹೋಲುತ್ತವೆ. ಅನುಮಾನವಿರುವಲ್ಲಿ ಅನುಮಾನವನ್ನು ಹಾಗೆಯೇ ಉಳಿಸುವುದು ಶಾಸನ ಓದುವವನ ಧರ್ಮ. ಯಂತ್ರ ಅದನ್ನು ನುಣುಪಾಗಿ ಒರೆಸಿಹಾಕುತ್ತದೆ. ಒಂದು ವಿಚಾರ ಸಂಕಿರಣದಲ್ಲಿ ಇಂಥ ಥಳಥಳಿಸುವ ಚಿತ್ರಕ್ಕೆ ಚಪ್ಪಾಳೆ ಬಿದ್ದದ್ದನ್ನು ಕಂಡೆ. ಮೂಲ ಫೈಲ್ ತೋರಿಸಿ ಎಂದು ಕೇಳಿದರೆ ಅದು ಉಳಿದಿರಲಿಲ್ಲ.

ಈ ರೋಗ ಹೊಸದೂ ಅಲ್ಲ. 19ನೆಯ ಶತಮಾನದಲ್ಲಿ ಶಾಸನದ ಅಕ್ಷರಗಳಿಗೆ ಬಿಳಿ ಬಣ್ಣ ತುಂಬಿ ಆಮೇಲೆ ಫೋಟೋ ತೆಗೆಯುವ ರೂಢಿಯಿತ್ತು. ಬಣ್ಣ ತುಂಬಿದವನು ತಪ್ಪಿದಲ್ಲಿ ಫೋಟೋವೂ ತಪ್ಪಿತು. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು, ಮಸಿ ಹಚ್ಚಿ ತೆಗೆಯುವ ಪಡಿಯಚ್ಚನ್ನು ವಿದ್ವಾಂಸರು ಹೆಚ್ಚು ನಂಬಿದ್ದು ಸುಮ್ಮನೆ ಅಲ್ಲ.

ಹಾಗಾದರೆ ತಂತ್ರಾಂಶ ಆರಿಸುವುದು ಹೇಗೆ? ನಾನು ಕೇಳುವುದು ಮೂರೇ ಪ್ರಶ್ನೆ. ಅದು ಮೂಲ ಚಿತ್ರವನ್ನು ಮುಟ್ಟದೆ ಬಿಡುತ್ತದೆಯೇ? ನಾನು ಮಾಡಿದ ಪ್ರತಿ ಬದಲಾವಣೆಯನ್ನೂ ಬರೆದಿಡುತ್ತದೆಯೇ? ಕೈಯಲ್ಲಿ ಕಾಸಿಲ್ಲದ ದಿನವೂ ತೆರೆಯುತ್ತದೆಯೇ? ಅಡೋಬಿಯ ಲೈಟ್‌ರೂಮ್ ಮೊದಲೆರಡರಲ್ಲಿ ಪಾಸು, ಅದನ್ನು ಒಪ್ಪಬೇಕು. ಮೂರನೆಯದರಲ್ಲಿ ನಪಾಸು. 2013ರಿಂದ ಅಡೋಬಿ ಬಾಡಿಗೆ ಪದ್ಧತಿಗೆ ತಿರುಗಿತು. ಒಮ್ಮೆ ಕೊಂಡು ಇಟ್ಟುಕೊಳ್ಳಬಹುದಾಗಿದ್ದ ಲೈಟ್‌ರೂಮ್ 6ರ ಮಾರಾಟವೂ ಆಮೇಲೆ ನಿಂತಿತು. ಈಗ ಬಾಡಿಗೆ ನಿಲ್ಲಿಸಿದರೆ ಚಿತ್ರಗಳು ಕಾಣುತ್ತವೆ, ತಿದ್ದುವ ವಿಭಾಗ ಮುಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ತಡವಾಗುವ ಫೆಲೋಶಿಪ್ ನಂಬಿದವರಿಗೆ ಇದು ತಮಾಷೆಯ ವಿಷಯವಲ್ಲ. ಕ್ರ್ಯಾಕ್ ಹಾಕಿಸಿಕೊಳ್ಳುವುದು ಉತ್ತರವೇ ಅಲ್ಲ. ಕದ್ದ ತಂತ್ರಾಂಶದೊಡನೆ ವೈರಸ್ ಬಂದು ಕೂತರೆ ಹೋಗುವುದು ಮೂರು ವರ್ಷದ ಕ್ಷೇತ್ರಕಾರ್ಯ.

ಡಾರ್ಕ್‌ಟೇಬಲ್, ರಾಥೆರಪಿ, ಡಿಜಿಕ್ಯಾಮ್ ಮೂರೂ ಮುಕ್ತ ತಂತ್ರಾಂಶಗಳು, ಪುಕ್ಕಟೆ. ಡಾರ್ಕ್‌ಟೇಬಲ್ ಪ್ರತಿ ತಿದ್ದುಪಡಿಯನ್ನೂ ಪಕ್ಕದಲ್ಲೊಂದು ಸಣ್ಣ ಫೈಲಿನಲ್ಲಿ ಬರೆದಿಡುತ್ತದೆ, ಯಾರು ಬೇಕಾದರೂ ತೆರೆದು ಪರೀಕ್ಷಿಸಬಹುದು. ಕಲಿಯಲು ಕಷ್ಟ ಎನ್ನುವವರಿದ್ದಾರೆ. ನಿಜ, ವಾರಗಳು ಹಿಡಿಯುತ್ತವೆ. ಹಳಗನ್ನಡ ಕಲಿಯಲು ಎಷ್ಟು ವರ್ಷ ಹಿಡಿಯಿತು ಸ್ವಾಮಿ?

ಉಳಿದ ಹಣ ಎಲ್ಲಿ ಹಾಕಬೇಕು? ಮೊದಲು ಕ್ಯಾಮೆರಾವನ್ನು ರಾ ಫೈಲ್‌ಗೆ ಹೊಂದಿಸಿ, ಅದಕ್ಕೆ ಖರ್ಚಿಲ್ಲ. ಜೆಪೆಗ್ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಕೊಟ್ಟರೆ, 14 ಬಿಟ್‌ನ ರಾ ಫೈಲ್ 16,384 ಕೊಡುತ್ತದೆ. ಗರ್ಭಗುಡಿಯ ಕತ್ತಲಲ್ಲಿ ಅಡಗಿದ ಸಾಲು ಸಿಗುವುದು ಅಲ್ಲಿ. ಕಂಪ್ಯೂಟರಿಗೆ 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಸಾಕು, ಬ್ರ್ಯಾಂಡ್ ಯಾವುದಾದರೇನು. ಪರದೆಯಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗದ ಅನೇಕ ಲ್ಯಾಪ್‌ಟಾಪುಗಳ ಪರದೆ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನಷ್ಟೇ ತೋರಿಸುತ್ತದೆ. ಆಮೇಲೆ ಎರಡು ಹಾರ್ಡ್ ಡಿಸ್ಕ್: ಒಂದು ನಿಮ್ಮ ಬಳಿ, ಇನ್ನೊಂದು ಬೇರೆ ಊರಿನ ಮನೆಯಲ್ಲಿ.

ಎಲ್ಲಕ್ಕಿಂತ ದೊಡ್ಡ ಸಲಕರಣೆ ಟಾರ್ಚು. ಬೆಳಕನ್ನು ಕಲ್ಲಿನ ಬದಿಯಿಂದ ಓರೆಯಾಗಿ ಬಿಟ್ಟರೆ ಸವೆದ ಅಕ್ಷರದ ನೆರಳು ತಾನೇ ಬೀಳುತ್ತದೆ. ಇದೇ ತತ್ತ್ವವನ್ನು 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಮುಂದುವರಿಸಿದರು. ಕ್ಯಾಮೆರಾ ಕದಲಿಸದೆ, ಪಕ್ಕದಲ್ಲೊಂದು ಹೊಳೆಯುವ ಕರಿ ಗುಂಡು ಇಟ್ಟು, ಬೆಳಕನ್ನು ಸುತ್ತ ಸರಿಸುತ್ತ ನಲವತ್ತು ಐವತ್ತು ಚಿತ್ರ ತೆಗೆದರೆ, ಆಮೇಲೆ ಪರದೆಯ ಮೇಲೆ ಯಾವ ದಿಕ್ಕಿನಿಂದ ಬೇಕಾದರೂ ಬೆಳಕು ಬಿಟ್ಟು ಓದಬಹುದು. ಅದರ ತಂತ್ರಾಂಶವೂ ಉಚಿತವಾಗಿಯೇ ಸಿಗುತ್ತದೆ. ಇಲ್ಲಿ ಕಾಣುವುದೆಲ್ಲ ಕಲ್ಲಿನ ಮೇಲೆ ಇದ್ದದ್ದೇ.

ಚಿತ್ರದ ವಿವರವನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ 'ಹೂಲಿ' ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ, ಹುಡುಕಿದರೂ ಸಿಗುವುದಿಲ್ಲ.

ವಿಶ್ವವಿದ್ಯಾಲಯಗಳು ಕೃತಿಚೌರ್ಯ ಹಿಡಿಯಲು ಪ್ರಬಂಧದ ಪ್ರತಿ ಸಾಲನ್ನೂ ಯಂತ್ರಕ್ಕೆ ಹಾಕಿ ಜಾಲಾಡುತ್ತವೆ. ಅದೇ ಪ್ರಬಂಧಕ್ಕೆ ಅಂಟಿಸಿದ ಚಿತ್ರವನ್ನು ಕಣ್ಣು ಮುಚ್ಚಿ ಒಪ್ಪುತ್ತವೆ. ಶಾಸನದ ಚಿತ್ರ ಬಳಸಿದ ಪ್ರತಿ ಪ್ರಬಂಧದ ಜೊತೆ ಮೂಲ ರಾ ಫೈಲ್ ಮತ್ತು ತಿದ್ದಿದ ದಾಖಲೆ ಸಲ್ಲಿಸುವುದು ಕಡ್ಡಾಯವಾಗಲಿ. ಊಹಿಸಿ ತುಂಬಿದ ಚಿತ್ರವನ್ನು ಪುರಾವೆಯೆಂದು ಸ್ವೀಕರಿಸದಿರಲಿ. ಅಲ್ಲಿಯವರೆಗೆ ಗೆಳೆಯರೇ, ಯಾರಾದರೂ ತೀರಾ ಸ್ವಚ್ಛವಾದ ಶಾಸನದ ಚಿತ್ರ ತೋರಿಸಿದರೆ ಚಪ್ಪಾಳೆ ತಟ್ಟುವ ಮೊದಲು ಮೂಲ ಫೈಲ್ ಕೇಳಿ.