ಹೊಸಹೊಳಲಿನ ಹೊಲಗಳ ಚರಿತ್ರೆ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯ ಮಗ್ಗುಲಲ್ಲಿರುವ ಹೊಸಹೊಳಲಿಗೆ ಬಂದವರು ಲಕ್ಷ್ಮೀನಾರಾಯಣ ದೇವಾಲಯವನ್ನು ಕಂಡು ಹಿಂದಿರುಗುತ್ತಾರೆ. ಹದಿಮೂರನೆಯ ಶತಮಾನದ ಆ ಹೊಯ್ಸಳ ತ್ರಿಕೂಟಾಲಯದ ಜಗತಿ, ಆನೆ ಕುದುರೆಗಳ ಸಾಲು, ರಾಮಾಯಣ ಮಹಾಭಾರತಗಳ ಶಿಲ್ಪ ಇವೆಲ್ಲ ನೋಡತಕ್ಕವೇ ಸರಿ. ಆದರೆ ಊರಿನ ಚರಿತ್ರೆ ಆ ಕಲ್ಲುಗಳಲ್ಲಿಯೇ ಮುಗಿಯಿತೆಂದು ಭಾವಿಸಲಾಗದು. ಗುಡಿಯ ಸುತ್ತ ಉತ್ತು ಬಿತ್ತಿ ಬಾಳಿದವರಿಗೂ ಚರಿತ್ರೆಯುಂಟು.

ಮೊದಲಿಗೆ ಹೆಸರನ್ನೇ ನೋಡಬಹುದು. ‘ಹೊಳಲು’ ಎಂದರೆ ಪಟ್ಟಣ. ಹೆಸರಿಟ್ಟವರ ಕಣ್ಣಿಗೆ ಇದು ಹೊಸ ಪಟ್ಟಣವಾಗಿದ್ದಿರಬೇಕು. ಅರಸರು ಹೋದರು, ಬಂದರು. ಶತಮಾನಗಳ ಮುಪ್ಪಡರಿದರೂ ಊರು ತನ್ನನ್ನು ‘ಹೊಸದು’ ಎಂದೇ ಕರೆದುಕೊಳ್ಳುತ್ತಿದೆ! ನೆರೆಯ ಊರುಗಳಿಗೆ ಈ ಭಾಗ್ಯವಿರಲಿಲ್ಲ. ಅತ್ತಿಗುಪ್ಪೆ ಕೃಷ್ಣರಾಜಪೇಟೆಯಾಯಿತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಯು ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡು, ಮುಂದೆ ಪಾಂಡವಪುರವಾಯಿತು. ದೂರದ ಪೋಲೆಂಡ್ ದೇಶದಲ್ಲಿಯೂ, ಜರ್ಮನರ ಆಳ್ವಿಕೆಯಲ್ಲಿದ್ದ ಎಷ್ಟೋ ಹಳ್ಳಿಗಳು 1945ರ ತರುವಾಯ ಜರ್ಮನ್ ಹೆಸರುಗಳನ್ನು ಕಳಚಿ ಪೋಲಿಷ್ ಹೆಸರುಗಳನ್ನು ತೊಟ್ಟವು. ಅಲ್ಲಿ ಹೆಸರಿನೊಡನೆ ಜನರೂ ಬದಲಾದರು. ಇಲ್ಲಿ ಉಳುವವನು ತನ್ನ ನೆಲದಲ್ಲಿಯೇ ಉಳಿದನು.

ಇದನ್ನು ಕಂಡು ಕೆಲವರು, ರಾಜ್ಯಗಳು ಉರುಳಿದರೂ ಹಳ್ಳಿ ಮಾತ್ರ ಇದ್ದಂತೆಯೇ ಇರುತ್ತದೆ ಎನ್ನುತ್ತಾರೆ. 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಎಂಬ ಆಂಗ್ಲ ಅಧಿಕಾರಿ ಭಾರತದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಬಣ್ಣಿಸಿದ್ದನು. ಕೇಳಲು ಸೊಗಸಾದ ಮಾತು. ಆದರೆ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಇದೇ ಮಾತನ್ನೆತ್ತಿ, ಹೇಗೋ ಉಳಿದುಕೊಂಡ ಮಾತ್ರಕ್ಕೆ ಹಳ್ಳಿಯನ್ನು ಹೊಗಳುವುದು ಸಲ್ಲದೆಂದು ವಾದಿಸಿದರು. ಮೈಸೂರು ಸೀಮೆಯ ಹಳ್ಳಿಗಳ ಮಟ್ಟಿಗಂತೂ ‘ಇದ್ದಂತೆಯೇ ಇತ್ತು’ ಎಂಬುದು ನಿಜವಲ್ಲ.

1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡು ಐವತ್ತು ವರ್ಷ ತಾವೇ ನಡೆಸಿದರು. ರೈತನ ಬಾಳಿನಲ್ಲಿ ಇದು ಯುದ್ಧದ ಸದ್ದಿಲ್ಲದೆ ಬಂದ ಬದಲಾವಣೆ. ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಅಷ್ಟು ತೆರಿಗೆಗಳು ಮೊದಲು ಇದ್ದವೆಂಬುದನ್ನೂ ಮರೆಯಲಾಗದು; ಪರರ ಆಳ್ವಿಕೆ ಎಂದ ಮಾತ್ರಕ್ಕೆ ಈ ಉಪಕಾರವನ್ನು ಮುಚ್ಚಿಡುವುದು ನ್ಯಾಯವಲ್ಲ. ಕ್ರಮೇಣ ಬೆಳೆಯಲ್ಲಿ ಪಾಲು ಕೊಡುವ ಬಟಾಯಿ ಪದ್ಧತಿ ಹಿಂದೆ ಸರಿದು ನಗದು ಕಂದಾಯ ನೆಲೆಯಾಯಿತು. 1863ರಿಂದ ಸಂಸ್ಥಾನದಲ್ಲಿ ಕಂದಾಯದ ಮೋಜಣಿ ಆರಂಭವಾಗಿ, ಅಳತೆಗಾರರ ಸರಪಳಿ ಒಂದೊಂದಾಗಿ ತಾಲ್ಲೂಕುಗಳ ಹೊಲಗಳ ಮೇಲೆ ಹರಿಯಿತು. ಪ್ರತಿಯೊಂದು ತುಂಡು ನೆಲಕ್ಕೂ ಸರ್ವೆ ನಂಬರು ಬಿತ್ತು.

ಬೆಳೆ ಕೆಟ್ಟಾಗ ಪಾಲೂ ಕುಗ್ಗುತ್ತಿತ್ತು. ಗೊತ್ತುಮಾಡಿದ ಹಣಕ್ಕೆ ಮಳೆಯ ಪರಿವೆಯಿಲ್ಲ. 1876ರಲ್ಲಿ ಮಳೆ ಕೈಕೊಟ್ಟಿತು. ಎರಡು ವರ್ಷ ಘೋರ ಕ್ಷಾಮ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿಯಿತು. ಯಾವ ಹಳ್ಳಿಯಲ್ಲಿ ಎಷ್ಟು ಒಲೆಗಳು ಆರಿದವು ಎಂಬುದನ್ನು ಯಾವ ವೀರಗಲ್ಲೂ ಹೇಳುವುದಿಲ್ಲ. ಅದೇ 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿತು. ಸರ್ವೆ ನಂಬರು ಮಾತ್ರ ಉಳಿಯಿತು. ಇಂದಿಗೂ ಪಹಣಿಯಲ್ಲಿ ನೆಲದ ಗುರುತು ಅದೇ.

ಪಹಣಿಯಲ್ಲಿ ಹಿಡುವಳಿದಾರನ ಹೆಸರಿರುತ್ತದೆ; ಅಲ್ಲಿ ಕೂಲಿಗೆ ನಾಟಿ ಹಾಕಿದವಳ ಹೆಸರಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ತೂಬಿನ ನೀರನ್ನು ಗದ್ದೆಗದ್ದೆಗೂ ಹಂಚುತ್ತಿದ್ದ ನೀರುಗಂಟಿಯದೂ ಇಲ್ಲ. ಇವರನ್ನು ಬಿಟ್ಟು ಬರೆದ ಗ್ರಾಮಚರಿತ್ರೆ ಅರ್ಧದ್ದೇ. ಶಾಸನಗಳನ್ನು ಬಿ. ಎಲ್. ರೈಸ್ ಮೊದಲಾದ ವಿದ್ವಾಂಸರು ಊರೂರು ತಿರುಗಿ ಸಂಗ್ರಹಿಸಿದರು. ಹೊಲಗಳ ಹೆಸರುಗಳನ್ನು ಸಂಗ್ರಹಿಸಲು ಅಂಥ ಪಾಂಡಿತ್ಯ ಬೇಕಿಲ್ಲ. ನಂಬರು ಬರುವ ಮೊದಲು ಹೊಲಕ್ಕೆ ಮರದ ಹೆಸರೋ ಬಾವಿಯ ಹೆಸರೋ ಉತ್ತವನ ಹೆಸರೋ ಇರುತ್ತಿತ್ತು. ಹಳ್ಳಿಗಳ ಹಿರಿಯರ ಬಾಯಲ್ಲಿ ಅವು ಇನ್ನೂ ಕೇಳಬರುತ್ತವೆ. ಶಾಲೆಯ ಹುಡುಗ ಹುಡುಗಿಯರು ಒಂದು ಬೇಸಿಗೆಯ ರಜೆಯಲ್ಲಿ, ಅಜ್ಜಂದಿರನ್ನೂ ಅಜ್ಜಿಯಂದಿರನ್ನೂ ಕೇಳಿ ಅವನ್ನು ಬರೆದಿಟ್ಟುಕೊಳ್ಳಬಹುದು.