ಮನೆಗೆ ಬಂದ ಹಾವು: ಅಂಜಿಕೆ ಯಾವುದಕ್ಕೆ, ಎಚ್ಚರ ಯಾವುದಕ್ಕೆ?

ನಾಯಿ, ಬೆಕ್ಕು, ಗಿಳಿಗಳನ್ನು ಸಾಕುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಈಚಿನ ವರ್ಷಗಳಲ್ಲಿ ನಗರದ ಯುವಕರು ಹಣ ಕೊಟ್ಟು ಹಾವನ್ನು ಕೊಂಡು ಮನೆಗೆ ತರುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಇವು ಬಹುಪಾಲು ಬಾಲ್ ಪೈಥಾನ್ ಎಂಬ ಚಿಕ್ಕ ಜಾತಿಯ ಹೆಬ್ಬಾವುಗಳು. ಇವುಗಳ ಮೂಲ ನೆಲೆ ಘಾನಾ, ಟೋಗೊ, ಬೆನಿನ್ ಮುಂತಾದ ಆಫ್ರಿಕದ ದೇಶಗಳು. ಅಂಜಿದಾಗ ಚೆಂಡಿನಂತೆ ಸುರುಳಿ ಸುತ್ತಿಕೊಂಡು ತಲೆಯನ್ನು ಒಳಗೆ ಅಡಗಿಸುವುದರಿಂದ ಆ ಹೆಸರು ಬಂದಿದೆ. ಬೆಳೆದ ಹಾವು ನಾಲ್ಕೈದು ಅಡಿ ಉದ್ದವಿರುತ್ತದೆ. ವಿಷವಿಲ್ಲ, ಸ್ವಭಾವ ಸೌಮ್ಯ.

ಇಂಥ ಮನೆಗಳಿಂದ ನಮ್ಮ ಚಿಕಿತ್ಸಾಲಯಕ್ಕೆ ಎರಡು ಬಗೆಯ ಪ್ರಶ್ನೆಗಳು ಬರುತ್ತವೆ. ಹಿರಿಯರು, "ಡಾಕ್ಟರೇ, ಅದು ಕಚ್ಚಿದರೆ ಏನು ಗತಿ?" ಎಂದು ಕೇಳುತ್ತಾರೆ. ಹಾವು ತಂದ ಮಕ್ಕಳು, "ತಂದು ಹದಿನೈದು ದಿನವಾಯಿತು, ಏನೂ ತಿನ್ನುತ್ತಿಲ್ಲ, ಒಂದು ಚೂರ್ಣ ಕೊಡಿ" ಎನ್ನುತ್ತಾರೆ. ಎರಡೂ ಚಿಂತೆಗಳು ಪ್ರಾಮಾಣಿಕವಾದವು. ಆದರೆ ಹಿರಿಯರು ಅಂಜಬೇಕಾದುದು ಹಾವಿನ ಹಲ್ಲಿಗಲ್ಲ, ಮಕ್ಕಳು ಹುಡುಕಬೇಕಾದುದು ಚೂರ್ಣವನ್ನಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಹಲ್ಲಿಗಿಂತ ಕೈ ಮುಖ್ಯ

ಸುಶ್ರುತ ಸಂಹಿತೆಯ ಕಲ್ಪಸ್ಥಾನವು ಹಾವುಗಳನ್ನು ದರ್ವೀಕರ, ಮಂಡಲಿ, ರಾಜೀಮಂತ ಮೊದಲಾಗಿ ವಿಂಗಡಿಸುವಾಗ ನಿರ್ವಿಷ ಎಂಬ ಪ್ರತ್ಯೇಕ ವರ್ಗವನ್ನೂ ಹೇಳುತ್ತದೆ. ಎಲ್ಲ ಹಾವಿಗೂ ವಿಷವಿಲ್ಲವೆಂಬುದು ನಮ್ಮ ಪೂರ್ವಿಕರಿಗೆ ತಿಳಿದಿತ್ತು. ಬಾಲ್ ಪೈಥಾನ್ ಕಚ್ಚಿದರೆ ಚರ್ಮದ ಮೇಲೆ ಸಣ್ಣ ಗೀರುಗಳಾಗಬಹುದು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಧನುರ್ವಾಯು ಲಸಿಕೆಯ ಅವಧಿ ಮುಗಿದಿದ್ದರೆ ವೈದ್ಯರ ಬಳಿ ಹಾಕಿಸಿಕೊಳ್ಳಬೇಕು. ಅಷ್ಟರಮಟ್ಟಿಗೆ ಹಿರಿಯರ ಭಯವನ್ನು ಇಳಿಸಬಹುದು.

ನಿಜವಾದ ಅಪಾಯ ಬೇರೆ ಕಡೆ ಇದೆ. ಹಾವು, ಆಮೆ, ಹಲ್ಲಿ ಮೊದಲಾದ ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ನೆಲೆಸಿರುತ್ತವೆ. ಇವು ವಿಷಮಶೀತಜ್ವರವನ್ನು, ಅಂದರೆ ಟೈಫಾಯ್ಡನ್ನು ತರುವ ರೋಗಾಣುವಿನ ಬಳಗಕ್ಕೆ ಸೇರಿದವು. ವಿಶೇಷವೆಂದರೆ ಇವುಗಳಿಂದ ಹಾವಿಗೆ ಸಾಮಾನ್ಯವಾಗಿ ಯಾವ ಬಾಧೆಯೂ ಆಗುವುದಿಲ್ಲ. ಅದು ಹೊಳೆಯುವ ಮೈಯಿಂದ ಆರೋಗ್ಯವಾಗಿಯೇ ಕಾಣುತ್ತಿರುತ್ತದೆ. ಮಲದ ಮೂಲಕ ರೋಗಾಣುಗಳನ್ನು ಹೊರಹಾಕುತ್ತಿರುತ್ತದೆ. ಹಾಗೆ ಹೊರಹಾಕುವುದು ಸತತವಾಗಿ ಅಲ್ಲ, ಆಗೊಮ್ಮೆ ಈಗೊಮ್ಮೆ. ಆದ್ದರಿಂದ ಒಮ್ಮೆ ಮಲಪರೀಕ್ಷೆ ಮಾಡಿಸಿ, ಏನೂ ಇಲ್ಲವೆಂದು ವರದಿ ಬಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ.

ಮಲದಿಂದ ಹಾವಿನ ಮೈಗೆ, ಗಾಜಿನ ಪೆಟ್ಟಿಗೆಗೆ, ನೀರಿನ ಬಟ್ಟಲಿಗೆ, ಅಲ್ಲಿಂದ ನಮ್ಮ ಕೈಗೆ, ಕೈಯಿಂದ ಬಾಯಿಗೆ: ಇದು ರೋಗದ ದಾರಿ. ರೋಗಾಣು ದೇಹ ಸೇರಿದ ಆರು ಗಂಟೆಯಿಂದ ಆರು ದಿನದೊಳಗೆ ಜ್ವರ, ಹೊಟ್ಟೆನುಲಿತ, ಭೇದಿ ಕಾಣಿಸಿಕೊಳ್ಳುತ್ತವೆ. ದೃಢಕಾಯರಿಗೆ ಒಂದು ವಾರದಲ್ಲಿ ತಾನಾಗಿಯೇ ವಾಸಿಯಾಗುವುದುಂಟು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ಇವರ ವಿಷಯ ಹಾಗಲ್ಲ. ಅವರಲ್ಲಿ ಅದು ರಕ್ತಕ್ಕೆ ಸೇರಬಹುದು, ಕೂಸುಗಳಲ್ಲಿ ಮಿದುಳಿನ ಪೊರೆಯವರೆಗೂ ಹೋಗಬಹುದು. ಇದೇ ಕಾರಣಕ್ಕೆ ಅಮೆರಿಕ ದೇಶವು 1975ರಲ್ಲಿಯೇ ನಾಲ್ಕು ಅಂಗುಲಕ್ಕಿಂತ ಚಿಕ್ಕದಾದ ಆಮೆಗಳನ್ನು ಸಾಕುಪ್ರಾಣಿಯೆಂದು ಮಾರುವುದನ್ನು ನಿಷೇಧಿಸಿತು. ಮಕ್ಕಳು ಅವನ್ನು ಬಾಯಿಗೆ ಹಾಕಿಕೊಂಡು ಕಾಯಿಲೆ ಬೀಳುತ್ತಿದ್ದರು.

ಜ್ವರ ಹಾಗೂ ರಕ್ತ ಬೆರೆತ ಭೇದಿಯಿಂದ ಬಳಲುತ್ತಿದ್ದ ಎರಡು ವರ್ಷದ ಕೂಸನ್ನು ಒಮ್ಮೆ ನಮ್ಮಲ್ಲಿಗೆ ಕರೆತಂದಿದ್ದರು. ನೀರು, ಹಾಲು, ಹೊರಗಿನ ತಿಂಡಿ ಎಲ್ಲವನ್ನೂ ವಿಚಾರಿಸಿದೆವು. ಮನೆಯಲ್ಲಿ ಪ್ರಾಣಿಗಳಿವೆಯೇ ಎಂದು ಕೇಳಿದಾಗ ಕೂಸಿನ ಅಜ್ಜಿ, "ನಮ್ಮ ಹಿರೇ ಮೊಮ್ಮಗ ಹಾವು ತಂದಾನ್ರೀ. ಅದರ ನೀರಿನ ಬಟ್ಟಲಾ ದಿನಾ ನಾನ ತೊಳೀತೀನಿ, ಅಡಗಿಮನ್ಯಾಗ" ಎಂದರು. ಕೂಸನ್ನು ಕೂಡಲೇ ಆಸ್ಪತ್ರೆಯ ಮಕ್ಕಳ ತಜ್ಞರಲ್ಲಿಗೆ ಕಳುಹಿಸಿದೆವು. ಮಲಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಇರುವುದು ಕಂಡುಬಂತು. ಚಿಕಿತ್ಸೆಯಿಂದ ಕೂಸು ಚೇತರಿಸಿಕೊಂಡಿತು. ಹಾವಿನಿಂದಲೇ ಬಂತೆಂದು ಸಿದ್ಧಪಡಿಸುವ ಪರೀಕ್ಷೆ ನಡೆಯಲಿಲ್ಲ. ಆದರೆ ಆ ಬಟ್ಟಲು ಅಡುಗೆಮನೆಯಿಂದ ಹೊರಗೆ ಹೋಗಬೇಕು ಎನ್ನಲು ಅಂಥ ಸಿದ್ಧತೆಯ ಅಗತ್ಯವೂ ಇರಲಿಲ್ಲ.

ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತು ಹೇಳುತ್ತೇವೆ: ಮಗುವಿಗೆ ಜ್ವರದೊಂದಿಗೆ ಭೇದಿಯಾಗಿ, ಅದರಲ್ಲಿ ರಕ್ತ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ಓ.ಆರ್.ಎಸ್. ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಗೆ ಹೋಗಬೇಕು. ಭೇದಿಯನ್ನು ಒಮ್ಮೆಲೇ ತಡೆಯುವ ಔಷಧಿಯನ್ನು, ಅದು ಆಯುರ್ವೇದದ್ದಿರಲಿ ಅಂಗಡಿಯ ಮಾತ್ರೆಯಿರಲಿ, ತಾವಾಗಿಯೇ ಕೊಡಬಾರದು.

ಹಾವಿನ ಆರೋಗ್ಯ

ಇನ್ನು ಮಕ್ಕಳ ಚಿಂತೆ. ಹೊಸದಾಗಿ ತಂದ ಹಾವು ಆಹಾರ ಬಿಡುವುದು ಬಹುಮಟ್ಟಿಗೆ ರೋಗವಲ್ಲ. ಸ್ಥಳ ಬದಲಾದ ಪ್ರಾಣಿ ಅಂಜಿರುತ್ತದೆ. ಮೊದಲ ವಾರ ಅದನ್ನು ಎತ್ತದೆ, ನೆಂಟರಿಷ್ಟರಿಗೆ ತೋರಿಸದೆ, ಅಡಗಿಕೊಳ್ಳಲು ಕತ್ತಲೆಯ ಮೂಲೆಯೊಂದನ್ನು ಕೊಟ್ಟು ಸುಮ್ಮನೆ ಬಿಡಬೇಕು. ಬೆಳೆದ ಬಾಲ್ ಪೈಥಾನ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿದ್ದೂ ಆರೋಗ್ಯವಾಗಿರಬಲ್ಲದು. ನೋಡಬೇಕಾದುದು ತೂಕವನ್ನು. ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಬೇಕು. ತೂಕ ಇಳಿಯುತ್ತ ಹೋದರೆ, ಬೆನ್ನೆಲುಬು ಎದ್ದು ಕಂಡರೆ ಅದು ಕಾಯಿಲೆ.

ಹಾವಿನ ಮೈಯ ಶಾಖ ಹೊರಗಿನ ಶಾಖವನ್ನು ಅವಲಂಬಿಸಿದೆ. ಅದರ ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25ರಿಂದ 27 ಡಿಗ್ರಿ ಇರಬೇಕು. ಪುಷ್ಯ, ಮಾಘದ ಚಳಿಯಲ್ಲಿ ನಮ್ಮ ಬಯಲುಸೀಮೆಯ ರಾತ್ರಿಗಳು 15 ಡಿಗ್ರಿಗೆ, ಕೆಲವೆಡೆ ಅದಕ್ಕೂ ಕೆಳಗೆ ಇಳಿಯುತ್ತವೆ. ಶಾಖ ಸಾಲದಿದ್ದರೆ ಅಗ್ನಿಮಾಂದ್ಯವೆಂದು ನಾವು ಹೇಳುವ ಸ್ಥಿತಿ ಹಾವಿಗೂ ಬರುತ್ತದೆ; ತಿಂದುದು ಜೀರ್ಣವಾಗದೆ ಕಾರಿಕೊಳ್ಳುತ್ತದೆ. ಮುಂದೆ ಶ್ವಾಸಕೋಶದ ಸೋಂಕು ತಗಲುತ್ತದೆ. ನಮ್ಮಂತೆ ಹಾವಿಗೆ ವಪೆಯಿಲ್ಲ. ಕೆಮ್ಮಿ ಕಫವನ್ನು ಹೊರಹಾಕುವ ಶಕ್ತಿ ಅದಕ್ಕೆ ಇಲ್ಲ. ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಸಿಳ್ಳಿನ ಸದ್ದು, ಮೂಗು ಬಾಯಿಗಳಲ್ಲಿ ಗುಳ್ಳೆ, ತಲೆಯನ್ನು ಮೇಲೆತ್ತಿಯೇ ಇರುವುದು ಇವುಗಳಲ್ಲಿ ಯಾವುದೊಂದು ಕಂಡರೂ ಕಾಯುವಂತಿಲ್ಲ. ಹಾಗೆಂದು ಶಾಖಕ್ಕಾಗಿ ಬರಿಯ ಬಲ್ಬನ್ನು ಅಥವಾ ಕಾಯುವ ಹಾಸನ್ನು ನಿಯಂತ್ರಕವಿಲ್ಲದೆ ಇಟ್ಟರೆ ಹಾವು ಅದರ ಮೇಲೆಯೇ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಶಾಖದ ಸಾಧನ ಬೇಡ.

ಪೊರೆ ಒಂದೇ ತುಂಡಾಗಿ ಕಳಚದೆ ಚೂರುಚೂರಾಗಿ ಬಂದರೆ ತೇವ ಸಾಲದು ಎಂದರ್ಥ. ಕಣ್ಣಿನ ಮೇಲೆ ಉಳಿದ ಪೊರೆಯನ್ನು ಉಗುರಿನಿಂದ ಎಂದೂ ಕೀಳಬಾರದು. ಕಪ್ಪು ಸಾಸಿವೆಯಂಥ ನುಸಿಗಳು ಹುರುಪೆಗಳ ನಡುವೆ ಅಥವಾ ನೀರಿನ ಬಟ್ಟಲಿನ ತಳದಲ್ಲಿ ಕಂಡರೆ, ವಸಡಿನಲ್ಲಿ ಕೀವು ಇದ್ದರೆ ಚಿಕಿತ್ಸೆ ಬೇಕು. ಮನೆಯಲ್ಲಿ ಮೊದಲೇ ಒಂದು ಹಾವಿದ್ದರೆ ಹೊಸದನ್ನು ಮೂರು ತಿಂಗಳು ಬೇರೆ ಕೋಣೆಯಲ್ಲಿಡಬೇಕು. ಹೆಬ್ಬಾವುಗಳಲ್ಲಿ ಒಂದರಿಂದ ಒಂದಕ್ಕೆ ಹರಡುವ, ಔಷಧಿಯಿಲ್ಲದ ವೈರಾಣು ರೋಗಗಳಿವೆ.

ನಮ್ಮ ಮದ್ದು ಹಾವಿಗೆ ಮದ್ದಲ್ಲ

ಅರಿಷಿಣ, ಬೇವಿನೆಣ್ಣೆ, ಅಜವಾನದ ಹೊಗೆ ಮನುಷ್ಯನಿಗೆ ಹಿತವೆಂದ ಮೇಲೆ ಹಾವಿಗೂ ಹಿತವಲ್ಲವೇ ಎಂದು ಹಲವರು ಕೇಳುತ್ತಾರೆ. ಅಲ್ಲ. ಕಫ ತುಂಬಿದ ಹಾವಿಗೆ ಹೊಗೆ ಹಾಕಿದರೆ ಅದು ಉಸಿರುಗಟ್ಟುತ್ತದೆ. ಪೆಟ್ಟಿಗೆಯನ್ನು ಫಿನೈಲಿನಿಂದ ಒರೆಸಿದರೆ, ಬಳಿಯಲ್ಲಿ ನುಸಿಗುಳಿಗೆ ಇಟ್ಟರೆ ಅವೇ ವಿಷವಾಗುತ್ತವೆ. ನಮ್ಮ ಪರಂಪರೆಯಲ್ಲಿ ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ, ಕುದುರೆಗೆ ಶಾಲಿಹೋತ್ರನ ಶಾಸ್ತ್ರ ಎಂದು ಬೇರೆ ಬೇರೆ ಗ್ರಂಥಗಳು ಹುಟ್ಟಿದ್ದು ಏಕೆ? ಪ್ರತಿಯೊಂದು ಪ್ರಾಣಿಯ ದೇಹಧರ್ಮವೂ ಬೇರೆ ಎಂಬ ತಿಳಿವಿನಿಂದ. ಅಗದತಂತ್ರವು ಹಾವು ಕಚ್ಚಿದ ಮನುಷ್ಯನನ್ನು ಕುರಿತದ್ದೇ ಹೊರತು ಹಾವಿನ ಕಾಯಿಲೆಯನ್ನು ಕುರಿತದ್ದಲ್ಲ. ಆದ್ದರಿಂದ ಹಾವಿಗೆ ಚೂರ್ಣ ಕೇಳಿ ಬಂದವರನ್ನು ನಾವು ಪಶುವೈದ್ಯರಲ್ಲಿಗೇ ಕಳುಹಿಸುತ್ತೇವೆ. ಅಲ್ಲಿಯೂ ಸರೀಸೃಪಗಳ ಅನುಭವವಿರುವ ವೈದ್ಯರನ್ನೇ ವಿಚಾರಿಸಿ ಹೋಗಬೇಕು. ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ; ವಿಚಾರಣೆಯನ್ನು ಅಲ್ಲಿಂದ ಆರಂಭಿಸಬಹುದು.

ಹಾಲಿನ ವಿಷಯವನ್ನೂ ಹೇಳಿಬಿಡಬೇಕು. ಕಲ್ಲನಾಗರಕ್ಕೂ ದಿಟನಾಗರಕ್ಕೂ ನಾವು ತೋರುವ ಭೇದವನ್ನು ಬಸವಣ್ಣನವರು ಎತ್ತಿ ತೋರಿದ್ದು ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ವೈದ್ಯರಾಗಿ ನಾವು ಸೇರಿಸುವುದು ಇಷ್ಟೇ: ದಿಟದ ಹಾವಿಗೂ ಹಾಲು ಆಹಾರವಲ್ಲ. ಅದನ್ನು ಅರಗಿಸುವ ಶಕ್ತಿ ಅದಕ್ಕಿಲ್ಲ. ಪಂಚಮಿಯ ದಿನ ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿದಂತೆ ಕಂಡರೆ ಅದು ದಿನಗಟ್ಟಲೆ ನೀರು ಕಾಣದ ಪ್ರಾಣಿಯ ಬಾಯಾರಿಕೆ. ಬಾಲ್ ಪೈಥಾನ್ ತಿನ್ನುವುದು ಮುಖ್ಯವಾಗಿ ಇಲಿಯನ್ನು. ಮಾಂಸ ತಾರದ ಮನೆಗಳಲ್ಲಿ ಇದೊಂದು ದೊಡ್ಡ ಪ್ರಶ್ನೆ. ಇಲಿಯನ್ನು ಫ್ರಿಜ್ಜಿನಲ್ಲಿಡಲು ತಾಯಿ ಒಪ್ಪುವುದಿಲ್ಲ, ಹಾವನ್ನು ಬಿಡಲು ಮಗ ಒಪ್ಪುವುದಿಲ್ಲ. ನಡುವೆ ಹಾಲು, ಪನೀರು ಕೊಟ್ಟು ನೋಡುತ್ತಾರೆ. ಅದು ದಯೆಯಲ್ಲ, ಮೂಕಪ್ರಾಣಿಯನ್ನು ಹಸಿವಿನಿಂದ ಕೊಲ್ಲುವ ದಾರಿ. ಇಲಿ ಕೊಡಲು ಒಪ್ಪದ ಮನೆ ಹಾವು ತರಬಾರದು. ಕೊಡುವ ಮನೆಯಲ್ಲೂ ಅದಕ್ಕೆ ಪ್ರತ್ಯೇಕ ಶೀತಕ ಪೆಟ್ಟಿಗೆ ಇರಬೇಕು, ಏಕೆಂದರೆ ಹೆಪ್ಪುಗಟ್ಟಿಸಿದ ಇಲಿಯಲ್ಲೂ ಸಾಲ್ಮೊನೆಲ್ಲಾ ಬದುಕಿರುತ್ತದೆ.

ಕೊಳ್ಳುವ ಮೊದಲು

ನಮ್ಮ ನೆಲದ ಹಾವುಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಿರಿ ತರುತ್ತದೆ, ರೋಗ ಕಳೆಯುತ್ತದೆ ಎಂದು ನಂಬಿಸಿ ಲಕ್ಷಗಟ್ಟಲೆ ಹಣಕ್ಕೆ ಮಾರುವ ಎರಡು ತಲೆಯ ಹಾವಿಗೂ ಇದು ಅನ್ವಯಿಸುತ್ತದೆ. ಅದಕ್ಕಿರುವುದು ಒಂದೇ ತಲೆ, ಮೊಂಡು ಬಾಲ. ಔಷಧಿಯ ಗುಣ ಯಾವುದೂ ಇಲ್ಲ. ವಿದೇಶಿ ಬಾಲ್ ಪೈಥಾನನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಹೊಸದಾಗಿ ಪಡೆದವರಿಗೆ 30 ದಿನಗಳ ಗಡುವು.

ಇದು ಕಾಗದದ ಮಾತು ಮಾತ್ರವಲ್ಲ, ಆರೋಗ್ಯದ ಮಾತೂ ಹೌದು. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪಗಳು ಸಿಕ್ಕವು. ಜೊತೆಗಿದ್ದ 6 ಕೋತಿಗಳು ಸತ್ತಿದ್ದವು. ಹಾಗೆ ತುರುಕಿ ತಂದ ಹಾವು ಬಾಯಾರಿ, ಸೋಂಕು ಹೊತ್ತು ಮನೆ ಸೇರುತ್ತದೆ. ವಿಷದ ಹಾವಾದರೆ ಇನ್ನೂ ಘೋರ. ನಮ್ಮ ಆಸ್ಪತ್ರೆಗಳ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕಾಗಿ ಸಿದ್ಧವಾದುದು. ಕಾಳಿಂಗನಿಗೆ ಅಥವಾ ಹೊರದೇಶದ ವಿಷಸರ್ಪಗಳಿಗೆ ಅದು ಉತ್ತರವಲ್ಲ. ಹಾವು ಕಡಿತವನ್ನು 2024ರಲ್ಲಿ ನಮ್ಮ ರಾಜ್ಯವೇ ಮೊದಲು ಅಧಿಸೂಚಿತ ರೋಗವೆಂದು ಸಾರಿತು. ಹೊಲಗಳಲ್ಲಿ ರೈತರು ಹಾವಿಗೆ ಬಲಿಯಾಗುತ್ತಿರುವ ನಾಡಿನಲ್ಲಿ ಆಸೆಗಾಗಿ ವಿಷದ ಹಾವನ್ನು ಮನೆಗೆ ತರುವುದು ವಿವೇಕವಲ್ಲ.

ಬಾಲ್ ಪೈಥಾನ್ 20 ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತದೆ. ತಂದ ಹುಡುಗ ಓದಿಗೆ, ಉದ್ಯೋಗಕ್ಕೆ ಊರು ಬಿಟ್ಟ ಮೇಲೆ ನೋಡಿಕೊಳ್ಳುವವರು ತಂದೆತಾಯಿ. ಬೇಸತ್ತು ಹೊಲಕ್ಕೆ ಬಿಡುವುದು ಹಾವಿಗೂ ನೆಲಕ್ಕೂ ಕೇಡು. ಅಮೆರಿಕದ ಫ್ಲಾರಿಡಾದಲ್ಲಿ ಹೀಗೆ ಸಾಕಿದವರ ಕೈಬಿಟ್ಟ ಬರ್ಮಾ ಹೆಬ್ಬಾವುಗಳು ಅಲ್ಲಿಯ ಜೌಗು ಕಾಡಿನ ಮೊಲ, ರಕೂನ್‌ಗಳನ್ನು ಬರಿದು ಮಾಡಿವೆ.

ಆದ್ದರಿಂದ ನಮ್ಮ ಅಭಿಮತ ಇಷ್ಟು. ಐದು ವರ್ಷದೊಳಗಿನ ಮಗು, ಗರ್ಭಿಣಿ, ಬಾಣಂತಿ ಅಥವಾ ದೀರ್ಘ ರೋಗಿಗಳಿರುವ ಮನೆಗೆ ಹಾವು ಬೇಡವೇ ಬೇಡ. ಉಳಿದವರೂ ಆಸೆಯನ್ನು ಒಂದು ವರ್ಷ ತಡೆದು, ಓದಿ, ಸಾಕಿದವರನ್ನು ಕಂಡು ನಿರ್ಧರಿಸಲಿ. ಈಗಾಗಲೇ ತಂದವರನ್ನು ಬೈದು ಫಲವಿಲ್ಲ. ಅವರು ಹಾವನ್ನು ಮುಟ್ಟಿದಾಗಲೆಲ್ಲ ಸಾಬೂನಿನಿಂದ ಕೈ ತೊಳೆಯಲಿ. ಪೆಟ್ಟಿಗೆ, ಬಟ್ಟಲುಗಳನ್ನು ಅಡುಗೆಮನೆಯಿಂದ ದೂರ, ಹೊರಗಿನ ನಲ್ಲಿಯಲ್ಲಿ ತೊಳೆಯಲಿ. ಹಾವಿಗೆ ಮುತ್ತಿಡುವುದನ್ನು, ಹಾಸಿಗೆಯ ಮೇಲೆ ಬಿಡುವುದನ್ನು ನಿಲ್ಲಿಸಲಿ. ಮನೆಯಲ್ಲಿ ಯಾರಿಗಾದರೂ ಜ್ವರ ಭೇದಿ ಬಂದರೆ ವೈದ್ಯರು ಕೇಳುವವರೆಗೆ ಕಾಯದೆ, ಸಂಕೋಚಪಡದೆ, "ನಮ್ಮ ಮನೆಯಲ್ಲಿ ಹಾವಿದೆ" ಎಂಬುದನ್ನು ಮೊದಲೇ ತಿಳಿಸಲಿ.